ಮನೆಯಲ್ಲಿ ಗೇಮ್ ಆಡುವಾಗ ಯಾರಾದರೂ ಕರೆದರೆ ಓಗೊಡುತ್ತೀರಾ?

ಇರುಳಾಟ (ಪ್ರಶ್ನೆ):

ನನಗೀಗ 42 ವರ್ಷ. ದಿನವಿಡೀ ಲೆಕ್ಕಪತ್ರಗಳ ಮುಂದೆ ಕುಳಿತು ಬರುವ ನನಗೆ, ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಒಂದು ಗಂಟೆಯ ವಿಡಿಯೋ ಗೇಮ್ ಕಳೆದ ಮೂರು ವರ್ಷಗಳಿಂದ ದೊಡ್ಡ ಆಸರೆಯಾಗಿದೆ. ಬಾಲ್ಯದಲ್ಲಿ ಸ್ವಲ್ಪ ಆಡಿದ್ದೆ. ಆಮೇಲೆ ಓದು, ಕೆಲಸ, ಸಂಸಾರ ಎಂದು ಇಪ್ಪತ್ತು ವರ್ಷ ಕಂಟ್ರೋಲರ್ ಮುಟ್ಟಿರಲೇ ಇಲ್ಲ. ಈಗ ಆಡುತ್ತಿರುವುದು ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಗೇಮ್. ಅಜ್ಜ ಬಿಟ್ಟುಹೋದ ಪಾಳು ಹೊಲವನ್ನು ಹಸನು ಮಾಡಿ, ಬಿತ್ತಿ, ನೀರುಣಿಸಿ, ಕೊಯ್ಲು ಮಾಡುವುದು ಅದರ ಮುಖ್ಯ ಕೆಲಸ. ಹಗಲಿನಲ್ಲಿ ಯಾವ ಕೆಲಸವೂ ಕಣ್ಣಿಗೆ ಕಾಣುವಂತೆ ಮುಗಿಯದ ನನ್ನಂಥವನಿಗೆ, ಒಂದು ಸಾಲಿಗೆ ನೀರು ಹಾಕಿದೊಡನೆ ಆ ಸಾಲಿನ ಮಣ್ಣು ಗಾಢವಾಗಿ ಕಾಣುವುದೇ ಒಂದು ಸಮಾಧಾನ.

ಕಳೆದ ವಾರ ನಡೆದ ಸಂಗತಿಯೊಂದು ನನ್ನನ್ನು ಕಾಡುತ್ತಿದೆ. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಏಳು ವರ್ಷದ ಮಗ ಕೆಟ್ಟ ಕನಸು ಕಂಡು ಎದ್ದು ಬಂದು, ಕೋಣೆಯ ಬಾಗಿಲಲ್ಲಿ ನಿಂತು ಮೂರು ಸಲ ‘ಅಪ್ಪಾ’ ಎಂದು ಕರೆದಿದ್ದಾನೆ. ನನಗೆ ಕೇಳಿಸಲಿಲ್ಲ. ಕೊನೆಗೆ ಅವನು ಅಮ್ಮನನ್ನು ಎಬ್ಬಿಸಿದ. ಅವಳು ಬಂದು ನನ್ನ ಭುಜ ಮುಟ್ಟಿದಾಗಲೇ ನಾನು ತಿರುಗಿ ನೋಡಿದ್ದು. ಬೆಳಗ್ಗೆ ಪತ್ನಿ ಗದರಲಿಲ್ಲ, ಗೇಮ್ ಬಿಡಿ ಎಂದೂ ಹೇಳಲಿಲ್ಲ. ‘ನೀವು ಆಡಿ, ಬೇಡ ಅನ್ನುವುದಿಲ್ಲ. ಆದರೆ ಕರೆದರೆ ಓಗೊಡುವಷ್ಟು ಮನೆಯಲ್ಲಿರಿ’ ಎಂದಳು, ಅಷ್ಟೇ. ಮನೆಯೊಳಗೇ ಕುಳಿತಿದ್ದವನಿಗೆ ಈ ಮಾತು ಹೇಳಬೇಕಾಗಿ ಬಂತಲ್ಲ ಎಂಬುದು ನನಗೆ ತುಂಬ ನಾಟಿತು.

ಹಾಗಾಗಿ ಮನೆಯಲ್ಲಿ ಆಡುವವರನ್ನು ಕೇಳುತ್ತಿದ್ದೇನೆ. ನೀವು ಯಾವಾಗ, ಮನೆಯ ಯಾವ ಮೂಲೆಯಲ್ಲಿ ಆಡುತ್ತೀರಿ? ಎಲ್ಲರೂ ಮಲಗಿದ ಮೇಲೆ ಒಬ್ಬರೇ ಆಡುವುದು ವಾಸಿಯೋ, ಎಲ್ಲರ ಕಣ್ಣೆದುರು ಹಾಲ್‌ನಲ್ಲಿ ಆಡುವುದು ವಾಸಿಯೋ? ‘ಇನ್ನು ಸಾಕು’ ಎಂದು ಎದ್ದೇಳುವುದು ನಿಮಗೆ ಸುಲಭವಾಗುತ್ತದೆಯೇ? ವೈದ್ಯರ ಸಲಹೆಯನ್ನೋ ಪರಿಣತರ ಅಭಿಪ್ರಾಯವನ್ನೋ ನಾನು ಅಪೇಕ್ಷಿಸುತ್ತಿಲ್ಲ. ನಿಮ್ಮ ಮನೆಯ ರೂಢಿ ಏನೆಂದು ತಿಳಿದರೆ ಸಾಕು.

ಹಳೆಯ ಕನ್ಸೋಲ್ (ಉತ್ತರ):

ನಿಮ್ಮ ಪತ್ನಿಯವರ ಮಾತು ಬಹಳ ತೂಕದ್ದು. ಆಡುವುದು ಸರಿಯೋ ತಪ್ಪೋ ಎಂಬ ಹಳೆಯ ವಾದಕ್ಕೆ ಹೋಗದೆ, ನಿಜವಾದ ತೊಡಕನ್ನು ಅವರು ಒಂದೇ ವಾಕ್ಯದಲ್ಲಿ ಹಿಡಿದಿದ್ದಾರೆ. ನಾನು ಮನೆಯಲ್ಲಿ ಗೇಮ್ ಆಡಲು ಆರಂಭಿಸಿ ಮೂವತ್ತು ವರ್ಷಗಳ ಮೇಲಾಯಿತು. ಮನೆಗೆ ಒಗ್ಗುವ ಗೇಮ್ ಯಾವುದು ಎಂದು ಯಾರಾದರೂ ಕೇಳಿದರೆ, ಅದರ ಕಥೆ, ಚಿತ್ರ, ಹೊಡೆದಾಟ ಯಾವುದನ್ನೂ ನಾನು ಮೊದಲು ನೋಡುವುದಿಲ್ಲ. ಅದನ್ನು ಎಲ್ಲೆಲ್ಲಿ ನಿಲ್ಲಿಸಲು ಬರುತ್ತದೆ ಎಂಬುದನ್ನು ನೋಡುತ್ತೇನೆ.

ನೀವು ಹೆಸರಿಸಿದ ಗೇಮನ್ನೇ ತೆಗೆದುಕೊಳ್ಳೋಣ. ಎರಿಕ್ ಬ್ಯಾರೋನ್ ಎಂಬುವರು ನಾಲ್ಕು ವರ್ಷಕ್ಕೂ ಮಿಕ್ಕಿ ಒಬ್ಬರೇ ಕುಳಿತು, ಚಿತ್ರ, ಸಂಗೀತ, ಬರವಣಿಗೆ, ಪ್ರೋಗ್ರಾಮಿಂಗ್ ಎಲ್ಲವನ್ನೂ ತಾವೇ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಗೇಮ್ ಅದು. ಅದರಲ್ಲಿ ಬೆಳಗ್ಗೆ ಆರಕ್ಕೆ ಏಳುವ ರೈತ ರಾತ್ರಿ ಎರಡರೊಳಗೆ ಮಲಗಬೇಕು, ಇಲ್ಲವಾದರೆ ನಿಂತಲ್ಲೇ ಕುಸಿದು ಬೀಳುತ್ತಾನೆ. ಈ ಇಡೀ ದಿನ ನಮ್ಮ ಗಡಿಯಾರದ ಲೆಕ್ಕದಲ್ಲಿ ಸುಮಾರು 14 ನಿಮಿಷ. ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಲ್ಲಿ (ಗೇಮ್ ಆಡಲೆಂದೇ ಮಾಡಿದ ಯಂತ್ರಗಳಲ್ಲಿ), ರೈತ ಹಾಸಿಗೆಗೆ ಹೋದಾಗ ಮಾತ್ರ ಗೇಮ್ ಸೇವ್ ಆಗುತ್ತದೆ. ಅಂದರೆ ನಡುವೆ ಎದ್ದರೆ ಅಂದಿನ ದುಡಿಮೆ ಕೈತಪ್ಪುತ್ತದೆ. ಮಲಗಿಸಿ ಸೇವ್ ಮಾಡಿದರೆ ಮರುಕ್ಷಣವೇ ಹೊಸ ಬೆಳಗು, ನಿನ್ನೆ ಮೊಳಕೆಯಾಗಿದ್ದದ್ದು ಇಂದು ಒಂದು ಗೇಣು ಎದ್ದು ನಿಂತಿರುತ್ತದೆ. ನಿಲ್ಲಿಸಬೇಕಾದ ಜಾಗದಲ್ಲೇ ಮುಂದಿನದರ ಆಸೆಯೂ ಹುಟ್ಟಿಕೊಳ್ಳುತ್ತದೆ. ‘ಇನ್ನೊಂದೇ ದಿನ’ ಎಂದು ಮೂರು ದಿನ ಆಡಿದರೆ ಮುಕ್ಕಾಲು ಗಂಟೆ ಹೋಯಿತು. ಇದನ್ನು ಗೇಮಿನ ದೋಷ ಎನ್ನಲಾರೆ, ನನಗೂ ಅದು ಬಹಳ ಪ್ರಿಯ. ಆದರೆ ಆ ಹೊಸ ಬೆಳಗನ್ನು ನೋಡುವ ಮೊದಲೇ ಏಳಬೇಕೆಂದರೆ, ಅಂದಿನ ಗಳಿಕೆಯ ಪಟ್ಟಿ ತೆರೆಯ ಮೇಲೆ ಬಂದಾಗಲೇ ಕುರ್ಚಿಯಿಂದ ಎದ್ದು ನಿಲ್ಲುವುದನ್ನು ರೂಢಿಸಿಕೊಳ್ಳಬೇಕು. ನಾನು ಅಕ್ಷರಶಃ ಎದ್ದು ನಿಲ್ಲುತ್ತೇನೆ. ನಿಂತುಕೊಂಡೇ ಪಟ್ಟಿ ಓದಿ, ಸೇವ್ ಆದದ್ದನ್ನು ಖಚಿತಪಡಿಸಿಕೊಂಡು, ಬಂದ್ ಮಾಡುತ್ತೇನೆ. ಕುಳಿತಿದ್ದರೆ ಇದು ನನ್ನಿಂದ ಆಗುವುದಿಲ್ಲ.

ಎಲ್ಲಿ ಕುಳಿತು ಆಡಬೇಕು ಎಂಬುದಕ್ಕೆ ನನ್ನದು ಖಚಿತವಾದ ಅಭಿಪ್ರಾಯ: ಹಾಲ್‌ನಲ್ಲಿ, ಎಲ್ಲರ ನಡುವೆ. ಮನೆಗೆಂದು ಮಾರಾಟಕ್ಕೆ ಬಂದ ಮೊದಲ ವಿಡಿಯೋ ಗೇಮ್ ಯಂತ್ರವಾದ ಮ್ಯಾಗ್ನವಾಕ್ಸ್ ಒಡಿಸ್ಸಿ 1972ರಲ್ಲಿ ಬಂತು. ರಾಲ್ಫ್ ಬೇರ್ ಎಂಬ ಎಂಜಿನಿಯರ್ ರೂಪಿಸಿದ ಮಾದರಿಯಿಂದ ಹುಟ್ಟಿದ್ದು ಅದು. ಅದಕ್ಕೆ ಧ್ವನಿಯೇ ಇರಲಿಲ್ಲ. ತೆರೆಯ ಮೇಲೆ ಓಡಾಡುತ್ತಿದ್ದುದು ಕೆಲವು ಬಿಳಿಯ ಚುಕ್ಕೆಗಳು ಮತ್ತು ಒಂದು ಗೆರೆ ಮಾತ್ರ. ಅಂಗಳ, ರಸ್ತೆ, ಮನೆ ಎಂಬ ಹಿನ್ನೆಲೆಗಳನ್ನೆಲ್ಲ ಬಣ್ಣದ ಪಾರದರ್ಶಕ ಹಾಳೆಗಳ ಮೇಲೆ ಅಚ್ಚು ಹಾಕಿ ಕೊಟ್ಟಿದ್ದರು. ಅವನ್ನು ಟಿವಿಯ ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. ಪೆಟ್ಟಿಗೆಯೊಳಗೆ ದಾಳ, ಕಾರ್ಡುಗಳು, ಆಟದ ನೋಟುಗಳೂ ಇದ್ದವು. ಅಂಕಗಳನ್ನು ಯಂತ್ರ ಎಣಿಸುತ್ತಿರಲಿಲ್ಲ, ಆಡುವವರೇ ಬರೆದಿಟ್ಟುಕೊಳ್ಳುತ್ತಿದ್ದರು. ಮನೆಯ ಒಂದೇ ಟಿವಿಯ ಮುಂದೆ ಜನ ಗುಂಪಾಗಿ ಕುಳಿತುಕೊಳ್ಳುವರೆಂದು ಎಣಿಸಿಯೇ ಮಾಡಿದ ಸಾಧನ ಅದು. ತೆರೆಗಳು ಅಗ್ಗವಾಗಿ, ಕೋಣೆಗೊಂದು ಬಂದು, ಕಿವಿಗೆ ಹೆಡ್‌ಫೋನ್ ಏರಿದ ಮೇಲೆ ನಾವು ಒಬ್ಬೊಬ್ಬರಾಗಿ ಬೇರೆಯಾದೆವು. ನನ್ನ ಮನೆಯಲ್ಲಿ ಕನ್ಸೋಲ್ ಇರುವುದು ಹಾಲ್‌ನ ಟಿವಿಗೆ ಮಾತ್ರ. ಬೇರೆಯವರು ಏನಾದರೂ ನೋಡಬೇಕೆಂದರೆ ನಾನು ಎದ್ದು ಜಾಗ ಬಿಡುತ್ತೇನೆ. ಇದರಿಂದ ನನ್ನ ಆಟ ಕಡಿಮೆಯಾಗಿದೆ ನಿಜ; ಆದರೆ ಆಡುತ್ತಿರುವಾಗ ಹಿಂದಿನಿಂದ ಬರುವ ‘ಆ ಬಾಗಿಲು ನೋಡಿದಿರಾ?’, ‘ಎಡಕ್ಕೆ ಹೋಗಿ’ ಎಂಬ ಮಾತುಗಳಿಲ್ಲದೆ ಆಡುವುದು ಈಗ ನನಗೆ ಸಪ್ಪೆ ಎನಿಸುತ್ತದೆ.

ಹಾಲ್‌ನ ದೊಡ್ಡ ಟಿವಿಯಲ್ಲಿ ಆಡುವುದಾದರೆ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿಕೊಳ್ಳುವುದನ್ನು ಮರೆಯಬೇಡಿ. ಟಿವಿ ಚಿತ್ರವನ್ನು ತಿದ್ದಿ ತೀಡಲು ತೆಗೆದುಕೊಳ್ಳುವ ಕಾಲ ಅದರಿಂದ ಕಡಿಮೆಯಾಗಿ, ಬಟನ್ ಒತ್ತಿದ ಕೂಡಲೇ ತೆರೆಯ ಮೇಲಿನ ಪಾತ್ರ ಅಲುಗುತ್ತದೆ. ಇದು ತಿಳಿಯದೆ ನನ್ನ ಕೈ ನಿಧಾನವಾಯಿತೆಂದು ನಾನು ಒಂದು ವರ್ಷ ಕೊರಗಿದ್ದೆ.

ಒಂದು ಕಿವಿ (ಉತ್ತರ):

ಒಬ್ಬರೇ ಆಡುವುದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಎಂದು ಮೇಲಿನವರನ್ನು ಕೇಳಿಕೊಳ್ಳುತ್ತೇನೆ. ನನ್ನ ತಾಯಿಗೆ 81 ವರ್ಷ. ರಾತ್ರಿ ಎರಡು ಮೂರು ಬಾರಿ ಏಳುತ್ತಾರೆ, ಕೈಹಿಡಿದು ನಡೆಸಬೇಕು. ಅವರ ಮಂಚದ ಪಕ್ಕದ ಕುರ್ಚಿಯಲ್ಲಿ, ದೀಪ ಆರಿಸಿ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಕನ್ಸೋಲ್‌ನ ಬೆಳಕನ್ನು ಪೂರ್ತಿ ಇಳಿಸಿ, ಶಬ್ದ ಮುಚ್ಚಿ ನಾನು ಟೆಟ್ರಿಸ್ ಆಡುತ್ತೇನೆ, ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಗೇಮ್ ಅದು. ಆ ಹೊತ್ತಿನಲ್ಲಿ ಪುಸ್ತಕ ಓದಲು ಬೆಳಕು ಬೇಕು, ಧಾರಾವಾಹಿ ನೋಡಲು ಶಬ್ದ ಬೇಕು. ಇದಕ್ಕೆ ಎರಡು ಹೆಬ್ಬೆರಳು ಸಾಕು. ತಾಯಿ ಹೊದಿಕೆ ಸರಿಸಿದ ಸದ್ದಾದರೆ ಮೇಲಿನ ಬಟನ್ ಒಮ್ಮೆ ಒತ್ತುತ್ತೇನೆ, ಯಂತ್ರ ನಿದ್ದೆಗೆ ಜಾರುತ್ತದೆ. ಅವರನ್ನು ನಡೆಸಿ, ಮತ್ತೆ ಮಲಗಿಸಿ, ಬೆನ್ನು ನೀವಿ, ನಲವತ್ತು ನಿಮಿಷ ಬಿಟ್ಟು ಬಂದರೂ ಬೀಳುತ್ತಿದ್ದ ಆ ಉದ್ದನೆಯ ಇಟ್ಟಿಗೆ ಬಿಟ್ಟ ಜಾಗದಲ್ಲೇ ತೂಗಿ ನಿಂತಿರುತ್ತದೆ. ನಿದ್ದೆಗೆಟ್ಟ ರಾತ್ರಿಗಳಲ್ಲಿ ನನಗೆ ಎಷ್ಟು ಹೊತ್ತು ಬೇಕಾದರೂ ಕಾಯುವ ಸಂಗಾತಿ ಅದೊಂದೇ. ಅಲೆಕ್ಸೀ ಪಾಜಿಟ್ನೋವ್ ಎಂಬುವರು 1984ರ ಸುಮಾರಿಗೆ ಮಾಸ್ಕೋದಲ್ಲಿ, ಚಿತ್ರ ಬಿಡಿಸಲೂ ಬಾರದ ಕಂಪ್ಯೂಟರಿನಲ್ಲಿ, ಅಕ್ಷರ ಚಿಹ್ನೆಗಳನ್ನೇ ಇಟ್ಟಿಗೆಯಾಗಿಸಿ ಮಾಡಿದ ಗೇಮ್ ಇದು ಎಂದು ನೆನೆದಾಗಲೆಲ್ಲ ನನಗೆ ಅವರ ಮೇಲೆ ಕೃತಜ್ಞತೆ ಮೂಡುತ್ತದೆ.

ಹೆಡ್‌ಫೋನ್ ಬಗ್ಗೆ ಒಂದು ಮಾತು: ಬೇಕೇ ಬೇಕು ಎಂದಾದರೆ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಮಾಜಿ ತಂಡಗಾರ (ಉತ್ತರ):

ನನ್ನ ಅನುಭವ ಇವಕ್ಕಿಂತ ಕಹಿಯಾದದ್ದು. ನಾಲ್ಕು ವರ್ಷ ನಾನು ಒಂದು ಆನ್‌ಲೈನ್ ಗೇಮ್ ಆಡಿದೆ. ಹೆಸರು ಹೇಳುವುದಿಲ್ಲ, ಅದೇ ಬಗೆಯ ಬೇರೆ ಗೇಮ್‌ಗಳೂ ಇರುವುದರಿಂದ ಹೆಸರಿನಿಂದ ಪ್ರಯೋಜನವೂ ಇಲ್ಲ. ಐದೈದು ಜನರ ಎರಡು ತಂಡಗಳು, ಒಂದು ಪಂದ್ಯಕ್ಕೆ ಮೂವತ್ತರಿಂದ ನಲವತ್ತು ನಿಮಿಷ. ಅದರಲ್ಲಿ ಪಾಝ್ ಬಟನ್ ಎಂಬುದಿಲ್ಲ. ನಡುವೆ ಎದ್ದು ಹೋದರೆ ಉಳಿದ ನಾಲ್ವರು ಸೋಲುತ್ತಾರೆ. ನನ್ನ ಶ್ರೇಯಾಂಕ ಇಳಿಯುತ್ತದೆ. ಮತ್ತೆ ಮತ್ತೆ ಹಾಗೆ ಮಾಡಿದರೆ ಕೆಲಕಾಲ ಆಡಲು ಬಿಡುವುದೇ ಇಲ್ಲ. ಆಟದ ದೃಷ್ಟಿಯಿಂದ ಆ ನಿಯಮ ನ್ಯಾಯವಾದದ್ದೇ, ಏಕೆಂದರೆ ಅತ್ತ ಕಡೆ ಇರುವವರೂ ತಮ್ಮ ಹೊತ್ತು ಕೊಟ್ಟು ಕುಳಿತ ಮನುಷ್ಯರು. ಆದರೆ ಮನೆಯ ದೃಷ್ಟಿಯಿಂದ ನೋಡಿ: ಮುಖ ಕಾಣದ ನಾಲ್ವರಿಗೆ ನಾನು ಮಾತು ಕೊಟ್ಟುಕೊಂಡಿದ್ದೇನೆ, ಅದರಿಂದಾಗಿ ಪಕ್ಕದ ಕೋಣೆಯಲ್ಲಿರುವವರಿಗೆ ‘ಬಂದೆ, ಹತ್ತು ನಿಮಿಷ’ ಎಂದು ಸುಳ್ಳು ಹೇಳುತ್ತಿದ್ದೇನೆ. ಆ ಹತ್ತು ನಿಮಿಷ ನನ್ನ ಕೈಯಲ್ಲಿ ಇರಲೇ ಇಲ್ಲ.

ಒಂದು ಸಂಜೆ ಅಕ್ಕನಿಂದ ಫೋನ್ ಬಂತು. ಪಂದ್ಯ ಕೊನೆಯ ಹಂತದಲ್ಲಿತ್ತು. ಫೋನ್ ಬೋರಲಾಗಿ ಮಗುಚಿಟ್ಟೆ. ಅದು ಮೇಜಿನ ಮೇಲೆ ನಡುಗುತ್ತ ನಡುಗುತ್ತ ಸ್ವಲ್ಪ ಸ್ವಲ್ಪವೇ ಅಂಚಿನ ಕಡೆಗೆ ಸರಿಯುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಡಗೈಯಲ್ಲಿ ಅದನ್ನು ಹಿಂದಕ್ಕೆ ತಳ್ಳಿ ಆಟ ಮುಂದುವರಿಸಿದೆ. ಅಕ್ಕ ಭಾವನವರನ್ನು ಆಸ್ಪತ್ರೆಗೆ ಸೇರಿಸಿ ಒಬ್ಬಳೇ ಕುಳಿತು ಮಾಡಿದ ಕರೆ ಅದು. ಭಾವನವರು ಚೇತರಿಸಿಕೊಂಡರು, ಅಕ್ಕ ನನ್ನನ್ನು ಒಂದು ಮಾತೂ ಆಡಲಿಲ್ಲ. ಆದರೆ ಆ ಪಂದ್ಯ ಗೆದ್ದೆವೋ ಸೋತೆವೋ ಎಂಬುದೇ ನನಗೆ ಈಗ ನೆನಪಿಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ.

ಆಮೇಲೆ ನನಗೆ ಇದು ಚಟವೇ ಎಂಬ ಭಯ ಹುಟ್ಟಿ ಓದಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಗೇಮಿಂಗ್ ಡಿಸಾರ್ಡರ್ ಎಂಬುದು ಸೇರಿದೆ. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬದುಕಿನ ಉಳಿದ ಆಸಕ್ತಿಗಳನ್ನೂ ದಿನನಿತ್ಯದ ಕೆಲಸಗಳನ್ನೂ ಹಿಂದಿಕ್ಕಿ ಆಟವೇ ಮುಂದೆ ಬರುವುದು, ಕೆಡುಕಾಗುತ್ತಿದೆ ಎಂದು ತಿಳಿದ ಮೇಲೂ ಅದನ್ನು ಮುಂದುವರಿಸುವುದು ಅಥವಾ ಹೆಚ್ಚಿಸುವುದು, ಇವೆಲ್ಲ ಸೇರಿ ಮನೆ, ಓದು, ಉದ್ಯೋಗಗಳಿಗೆ ಗಣನೀಯ ಪೆಟ್ಟು ಬಿದ್ದಿರಬೇಕು, ಅದೂ ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು ಎನ್ನುತ್ತದೆ ಆ ವಿವರಣೆ. ನನ್ನ ಸ್ಥಿತಿ ಅಷ್ಟು ಕೆಟ್ಟಿರಲಿಲ್ಲ. ಹಾಗಾಗಿ ದಿನಕ್ಕೆ ಒಂದು ಗಂಟೆ ಆಡುವವರನ್ನೆಲ್ಲ ಚಟಕ್ಕೆ ಬಿದ್ದವರು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಆ ಪದವನ್ನು ಹಾಗೆ ಸಡಿಲವಾಗಿ ಬಳಸಿದರೆ, ನಿಜವಾಗಿ ನರಳುತ್ತಿರುವವರ ಕಷ್ಟ ಯಾರಿಗೂ ಕಾಣದಂತಾಗುತ್ತದೆ. ಆದರೆ ರೋಗವಲ್ಲ ಎಂದ ಮಾತ್ರಕ್ಕೆ ನಾನು ಮಾಡಿದ್ದು ಸರಿಯಾಗುವುದಿಲ್ಲ.

ಇಂದು ಲಾಗಿನ್ ಆದರೆ ಒಂದು ಬಹುಮಾನ, ಸತತ ಏಳು ದಿನ ಬಂದರೆ ಇನ್ನೊಂದು, ಈ ಸೀಸನ್ ಮುಗಿಯುವುದರೊಳಗೆ ಗೆಲ್ಲದಿದ್ದರೆ ಮತ್ತೆ ಸಿಗದ ಉಡುಗೆ; ಇಂಥವನ್ನೆಲ್ಲ ಜೋಡಿಸಿರುವ ಗೇಮ್‌ಗಳನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸಿದೆ. ಏನು ಸಿಗುವುದೆಂದು ತಿಳಿಯದೆ ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್‌ಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಹೇಳಿತು. ನನಗೂ ಅದು ಸರಿಯೆನಿಸುತ್ತದೆ. ಇರುಳಾಟ ಅವರೇ, ನೀವು ಆಡುತ್ತಿರುವ ಗೇಮ್‌ನಲ್ಲಿ ಇವು ಯಾವುವೂ ಇಲ್ಲ. ಒಂದು ತಿಂಗಳು ಬಿಟ್ಟು ಬಂದರೂ ನಿಮ್ಮ ಹೊಲ ಬಿಟ್ಟಂತೆಯೇ ಇರುತ್ತದೆ, ಒಂದು ಸಸಿಯೂ ಒಣಗಿರುವುದಿಲ್ಲ. ಆ ಮಟ್ಟಿಗೆ ನಿಮ್ಮ ಆಯ್ಕೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಎರಡನೇ ಕಂಟ್ರೋಲರ್ (ಉತ್ತರ):

ಮಗನಿಗೆ ಏಳು ವರ್ಷ ಎಂದಿರಿ. ಅವನ ಕೈಗೊಂದು ಕಂಟ್ರೋಲರ್ ಕೊಟ್ಟು ನೋಡಿದ್ದೀರಾ? ನಾನು ಮೊದಲು ಆಡುವವಳೇ ಅಲ್ಲ. ಮಗಳು ಆರು ವರ್ಷದವಳಿದ್ದಾಗ ಅವಳ ಒತ್ತಾಯಕ್ಕೆ ಕುಳಿತವಳು. ಸೂಪರ್ ಮಾರಿಯೋ ಒಡಿಸ್ಸಿ ಎಂಬ ಗೇಮ್‌ನಲ್ಲಿ ಒಬ್ಬರು ಮಾರಿಯೋನನ್ನು ನಡೆಸಿದರೆ ಇನ್ನೊಬ್ಬರು ಅವನ ಟೋಪಿಯನ್ನು ಹಾರಿಸುತ್ತಿರಬಹುದು. ಟೋಪಿಗೆ ಬಿದ್ದು ಸಾಯುವ ಭಯವಿಲ್ಲ. ಕಲಿಯುವವರಿಗೆ ಅದೇ ಸರಿ ಎಂದು ನಾನು ಟೋಪಿಯಾದೆ, ಮಗಳು ಮಾರಿಯೋ ಆದಳು. ಕಂದಕ ದಾಟುವಾಗ ಅವಳ ಇಡೀ ಮೈ ಕಂಟ್ರೋಲರ್ ಜೊತೆಗೆ ಎಡಕ್ಕೆ ವಾಲುತ್ತಿತ್ತು, ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ನಾನು ತಪ್ಪು ಮಾಡಿದಾಗ ‘ಪರವಾಗಿಲ್ಲಮ್ಮ, ಮೊದಮೊದಲು ಹಾಗೇ ಆಗುತ್ತೆ’ ಎನ್ನುತ್ತಿದ್ದಳು. ಅವಳಿಗೆ ಬರವಣಿಗೆ ಕಲಿಸುವಾಗ ನಾನು ಆಡಿದ್ದ ಮಾತು ಅದು, ಒಂದಕ್ಷರವೂ ಬದಲಾಗದೆ ನನಗೇ ಮರಳಿ ಬಂತು.

ಈಗ ಇಬ್ಬರೂ ಮೈನ್‌ಕ್ರಾಫ್ಟ್ ಎಂಬ ಗೇಮ್‌ನಲ್ಲಿ ಒಂದು ಮನೆ ಕಟ್ಟುತ್ತಿದ್ದೇವೆ. ಅಲ್ಲಿ ಒಂದು ಹಗಲು ರಾತ್ರಿ ಸೇರಿ 20 ನಿಮಿಷ. ಎರಡು ದಿನಕ್ಕೆ ಮುಗಿಸಬೇಕೆಂಬುದು ನಮ್ಮ ಕರಾರು, ಗಡಿಯಾರ ನೋಡುವ ಬದಲು ಸೂರ್ಯ ಎರಡನೇ ಸಲ ಮುಳುಗುವುದನ್ನು ನೋಡುತ್ತೇವೆ. ‘ಸಮಯ ಆಯಿತು’ ಎಂದು ನಾನು ಹೇಳಿದರೆ ನಡೆಯುತ್ತಿದ್ದ ಜಗಳ, ಸೂರ್ಯ ಹೇಳಿದರೆ ನಡೆಯುವುದಿಲ್ಲ.

ಇರುಳಾಟ (ಮರು ಉತ್ತರ):

ಇಷ್ಟು ಮನಸ್ಸು ಬಿಚ್ಚಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಕ್ಕನ ಫೋನಿನ ಸಂಗತಿಯನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನಾಲ್ಕು ದಿನಗಳಿಂದ ಕೆಲವನ್ನು ಮಾಡಿ ನೋಡುತ್ತಿದ್ದೇನೆ. ಹೆಡ್‌ಫೋನ್ ತೆಗೆದು ಸ್ಪೀಕರಿನಲ್ಲೇ, ಶಬ್ದ ಇಳಿಸಿ ಆಡುತ್ತಿದ್ದೇನೆ. ಮೊದಲ ದಿನ ಆಟ ಅರ್ಧಕ್ಕರ್ಧ ಕಳೆಗುಂದಿದಂತೆ ಅನಿಸಿತು, ಸಂಗೀತವೇ ಆ ಗೇಮಿನ ಉಸಿರು ಎಂದು ಆಗ ತಿಳಿಯಿತು. ಮೂರನೆಯ ದಿನಕ್ಕೆ ಫ್ಯಾನಿನ ಸದ್ದು, ಒಳಗಿನ ಕೋಣೆಯಲ್ಲಿ ಮಗ ಮಗ್ಗುಲು ಬದಲಿಸುವ ಸದ್ದು ಎಲ್ಲವೂ ಅದರೊಂದಿಗೆ ಬೆರೆತು ಕೇಳಿಸತೊಡಗಿತು. ಗಳಿಕೆಯ ಪಟ್ಟಿ ಬಂದಾಗ ಎದ್ದು ನಿಲ್ಲುವ ಉಪಾಯ ಎರಡು ದಿನ ಫಲಿಸಿತು, ಒಂದು ದಿನ ನಿಂತುಕೊಂಡೇ ಇನ್ನೊಂದು ದಿನದ ಬೇಸಾಯ ಮಾಡಿದೆ ಎಂದು ಒಪ್ಪಿಕೊಳ್ಳಬೇಕು.

ಹಾಲ್‌ನಲ್ಲಿ ಎಲ್ಲರೆದುರು ಆಡಲು ನನಗೆ ಸಂಕೋಚವಿತ್ತು. ದೊಡ್ಡವನಾಗಿ ಆಟವಾಡುತ್ತಾನೆ ಎಂದು ಮಗ ತಿಳಿಯಬಾರದು ಎಂದೇ ಇಷ್ಟು ದಿನ ಎಲ್ಲರೂ ಮಲಗುವವರೆಗೆ ಕಾಯುತ್ತಿದ್ದೆ ಎಂಬುದು ನಿಮಗೆ ಉತ್ತರ ಬರೆಯುವಾಗ ನನಗೇ ಹೊಳೆಯಿತು. ನಿನ್ನೆ ಸಂಜೆ ಏಳಕ್ಕೆ ಅವನ ಮುಂದೆಯೇ ಟಿವಿಗೆ ಜೋಡಿಸಿದೆ. ಅವನು ಪಕ್ಕದಲ್ಲಿ ಕುಳಿತು ಇಪ್ಪತ್ತು ನಿಮಿಷ ಮಾತಿಲ್ಲದೆ ನೋಡಿದ. ಆಮೇಲೆ, ಬೇಲಿಯ ಹತ್ತಿರದ ಒಂದು ಗಿಡವನ್ನು ತೋರಿಸಿ, ‘ಅದೊಂದಕ್ಕೆ ನೀರು ಹಾಕೋದು ಮರೆತೆ ಅಪ್ಪಾ’ ಎಂದ. ನಿಜವಾಗಿಯೂ ಮರೆತಿದ್ದೆ. ಇನ್ನು ಆ ಸಾಲಿಗೆ ನೀರು ಹಾಕುವ ಕೆಲಸ ತನ್ನದೇ ಎಂದು ಹೇಳಿಬಿಟ್ಟಿದ್ದಾನೆ. ಒಂದೇ ಕಂಟ್ರೋಲರನ್ನು ಕೈಯಿಂದ ಕೈಗೆ ಕೊಡುತ್ತ ಆಡಬೇಕೋ, ಇಬ್ಬರೂ ಒಟ್ಟಿಗೆ ಆಡುವ ದಾರಿಯೇನಾದರೂ ಇದೆಯೋ, ತಿಳಿದವರು ಹೇಳಿ.

ಹಳೆಯ ಕನ್ಸೋಲ್ (ಉತ್ತರ):

ದಾರಿ ಇದೆ. ಗೇಮಿನ 1.5ನೇ ಆವೃತ್ತಿಯಿಂದ ಒಂದೇ ಟಿವಿಯ ತೆರೆಯನ್ನು ಎರಡು ಪಾಲು ಮಾಡಿಕೊಂಡು ಇಬ್ಬರು ಒಟ್ಟಿಗೆ ಆಡಬಹುದು. ಎರಡನೇ ಕಂಟ್ರೋಲರ್ ಬೇಕು. ಮೊದಲು ನಿಮ್ಮ ಹೊಲದಲ್ಲಿ ಮಗನಿಗೆ ಒಂದು ಪುಟ್ಟ ಮನೆ ಕಟ್ಟಿಸಬೇಕಾಗುತ್ತದೆ. ಬೆಟ್ಟದ ಕಡೆ ಇರುವ ಬಡಗಿ ರಾಬಿನ್ ಬಳಿ ಹೋಗಿ ಹೇಳಿದರೆ ಅವಳು ಕಟ್ಟಿಕೊಡುತ್ತಾಳೆ. ಜಾಗ ನಿಮ್ಮ ಮನೆಯ ಬಾಗಿಲಿಗೆ ಹತ್ತಿರವಿರಲಿ, ಚಿಕ್ಕವರಿಗೆ ದಾರಿ ತಪ್ಪುವುದಿಲ್ಲ. ಒಂದು ವಿಷಯ ಮೊದಲೇ ತಿಳಿದಿರಲಿ. ಇಬ್ಬರು ಆಡುವಾಗ ಒಬ್ಬರು ಮಲಗಿದರೆ ದಿನ ಮುಗಿಯುವುದಿಲ್ಲ. ನೀವು ಹಾಸಿಗೆಯಲ್ಲಿ ಅವನಿಗಾಗಿ ಕಾಯಬೇಕು, ಇಲ್ಲವೇ ಅವನು ನಿಮಗಾಗಿ ಕಾಯಬೇಕು. ಇಬ್ಬರೂ ಮಲಗಿದ ಮೇಲೆಯೇ ಗೇಮ್ ಸೇವ್ ಆಗುವುದು.